ಫ್ಲ್ಯಾಟ್‌ನಲ್ಲಿ ಕೇರ್ನ್ ಟೆರಿಯರ್

ಎಡಿನ್‌ಬರೋದ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ, ಆರು ವರ್ಷದ ಮಗಳಿರುವಾಗ ಕೇರ್ನ್ ಟೆರಿಯರ್ ಸಾಕಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಾಕಿ. ಆದರೆ ಏಳು ಕಿಲೋ ತೂಗುವ ಗಿಡ್ಡ ನಾಯಿಯೆಂದು ಹಗುರವಾಗಿ ಎಣಿಸಬೇಡಿ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ, ಸ್ಕೈ ದ್ವೀಪದಲ್ಲಿ ಕಲ್ಲುಗುಪ್ಪೆಗಳೊಳಗೆ ನುಗ್ಗಿ ನರಿ, ನೀರುನಾಯಿಗಳನ್ನು ಹೊರಗಟ್ಟುತ್ತಿದ್ದ ತಳಿ ಇದು. ಉದ್ಯಾನದಲ್ಲಿ ಅಳಿಲು ಕಂಡಿತೋ, ನಿಮ್ಮ ಕೂಗು ಅದರ ಕಿವಿಗೇ ಬೀಳುವುದಿಲ್ಲ; ಹಗ್ಗ ಬಿಚ್ಚಬೇಡಿ. ದಿನಕ್ಕೆ ಒಂದು ಗಂಟೆಯಾದರೂ ಸುತ್ತಾಡಿಸದಿದ್ದರೆ ಬೊಗಳಿ ಬೊಗಳಿ ನೆರೆಮನೆಯವರನ್ನು ನಿಮ್ಮ ಬಾಗಿಲಿಗೆ ಕರೆತರುತ್ತದೆ.

ಕೂದಲು ಉದುರುವುದು ಕಡಿಮೆ. ಆದರೆ ಯಂತ್ರದಿಂದ ಕತ್ತರಿಸಿದರೆ ಒರಟಾದ ಮೇಲ್ಗೂದಲು ಮೆತ್ತಗಾಗಿ, ಮಳೆ ತಡೆಯುವ ಗುಣ ಹೋಗಿಬಿಡುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ನಾಲ್ಕಾರು ಸತ್ತ ಕೂದಲು ಹಿಡಿದು, ಬೆಳೆದ ದಿಕ್ಕಿಗೇ ಎಳೆಯಬೇಕು. ಬಲಿತ ಕೂದಲಾದರೆ ಸಲೀಸಾಗಿ ಬರುತ್ತದೆ. ರೂಢಿಯಾದ ನಾಯಿ ತೂಕಡಿಸುತ್ತಲೇ ಇರುತ್ತದೆ.

ಮಗಳಿಗೆ ಈಗಲೇ ಹೇಳಿಡಿ: ಕೇಸರಿಬಾತಿನ ದ್ರಾಕ್ಷಿ, ಉಪ್ಪಿಟ್ಟಿನ ಈರುಳ್ಳಿ ನಾಯಿಗೆ ವಿಷ. ಪ್ರೀತಿಯಿಂದ ಕೊಟ್ಟರೂ ವಿಷವೇ. ಇನ್ನು, ಮರಿಯನ್ನು ತಾಯಿಯ ಜೊತೆಯಲ್ಲಿ ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕೊಡಬೇಡಿ.