‘ಏಲಿಯನ್’ ಪೋಸ್ಟರ್‌ಗೆ ಲ್ಯಾಮಿನೇಶನ್ ಮಾಡಿಸ್ಲಾ?

ಪ್ರಶ್ನೆ: 1979ರ ‘ಏಲಿಯನ್’ ಸಿನಿಮಾದ ಒರಿಜಿನಲ್ ಅಮೆರಿಕನ್ ಪೋಸ್ಟರ್ ಕೊನೆಗೂ ಸಿಕ್ತು, ಆದ್ರೆ ಮಡಚಿದ ಗೆರೆಗಳಿವೆ, ಮೋಸ ಹೋದ್ನಾ? ಕಿಟಕಿ ಎದುರಿನ ಗೋಡೆಗೆ ಲ್ಯಾಮಿನೇಟ್ ಮಾಡಿಸಿ ಹಾಕ್ಬಹುದಾ?

ಉತ್ತರ: ಗೆರೆ ನೋಡಿ ಗಾಬರಿ ಆಗ್ಬೇಡಿ, ಆ ಕಾಲದಲ್ಲಿ ಥಿಯೇಟರ್‌ಗಳಿಗೆ ಹೆಚ್ಚಾಗಿ ಮಡಚೇ ಕಳಿಸ್ತಿದ್ರು. ಅಳತೆ ನೋಡಿ, ಹೆಚ್ಚುಕಮ್ಮಿ 27x41 ಇಂಚು ಇರ್ಬೇಕು, 24x36 ಇದ್ರೆ ಅದು ಅಂಗಡೀಲಿ ಮಾರೋಕೆ ಪ್ರಿಂಟ್ ಮಾಡಿದ್ದು ಅನ್ಕೊಳ್ಳಿ. ಲ್ಯಾಮಿನೇಶನ್ ಮಾತ್ರ ದಯವಿಟ್ಟು ಬೇಡ, ಒಂದ್ಸಲ ಪ್ಲಾಸ್ಟಿಕ್ ಅಂಟಿದ್ರೆ ಕಾಗದ ಹಾಳಾಗ್ದೆ ಬಿಡಿಸೋದು ತುಂಬಾ ಕಷ್ಟ, ಬೆಲೆನೂ ಬಿದ್ದೋಗತ್ತೆ. ಬದಲಿಗೆ ಫ್ರೇಮ್ ಹಾಕಿಸಿ, ಹಿಂದೆ ಆಸಿಡ್ ಇಲ್ಲದ ಬೋರ್ಡು, ಮುಂದೆ ಬಿಸಿಲಿನ ಯುವಿ ಕಿರಣ ತಡೆಯೋ ಅಕ್ರಿಲಿಕ್ ಶೀಟು, ಅದು ಕಾಗದಕ್ಕೆ ತಾಗದ ಹಾಗೆ ಒಂಚೂರು ಗ್ಯಾಪ್ ಬಿಡಿಸಿ, ಇಲ್ಲಾಂದ್ರೆ ಮಳೆಗಾಲದ ತೇವಕ್ಕೆ ಇಂಕು ಶೀಟಿಗೇ ಅಂಟ್ಕೊಳತ್ತೆ.

ಕಿಟಕಿ ಎದುರು ಬೇಡವೇ ಬೇಡ. ನನ್ನದೊಂದು ಪೋಸ್ಟರ್ ಎರಡೇ ಬೇಸಿಗೆಗೆ ಕೆಂಪು ಹಳದಿ ಎಲ್ಲಾ ಹೋಗಿ ಬರೀ ನೀಲಿ ಉಳೀತು, ಇವತ್ತಿಗೂ ಹೊಟ್ಟೆ ಉರಿಯತ್ತೆ. ನಿಮ್ಮ ಪೋಸ್ಟರ್‌ನ ಜೀವ ಇರೋದೇ ಆ ಕಪ್ಪು ಕತ್ತಲಲ್ಲಿ, ಮೊಟ್ಟೆಯ ಬಿರುಕಿಂದ ಸೋರೋ ಹಸಿರು ಬೆಳಕಲ್ಲಿ ಅಲ್ವಾ, ಬಿಸಿಲು ಬೀಳದ ಪ್ಯಾಸೇಜ್ ಗೋಡೆಗೆ ಹಾಕಿ.