ಕುಶಾಲನಗರದಲ್ಲಿ ಒಂದು ದಿನ: ಮೊಮೊ ಬಿಟ್ಟು ಏನು ತಿನ್ನಬಹುದು?

ಮೈಸೂರಿಂದ ಮಡಿಕೇರಿಗೆ ಹೋಗುವಾಗ ಒಂದು ದಿನ ಕುಶಾಲನಗರದಲ್ಲಿ ಉಳಿಯುತ್ತೀವಿ, ಪಕ್ಕದ ಬೈಲಕುಪ್ಪೆಯಲ್ಲಿ ಟಿಬೆಟನ್ನರ ಗೋಲ್ಡನ್ ಟೆಂಪಲ್ ಎದುರು ಮೊಮೊ ತಿಂದರೆ ಮುಗೀತಾ ಅಥವಾ ಇಷ್ಟು ಸಣ್ಣ ಊರಲ್ಲಿ ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಜೊತೆಗೆ ಬರುವ ನಿಮ್ಮ ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತಲೂ ಬರೆದಿದ್ದೀರಿ. ನಾನು ಇದೇ ಊರಿನವನು. ಒಂದು ದಿನ ಸಾಲುವುದಿಲ್ಲ ಅನ್ನುವಷ್ಟು ಇದೆ. ಅಮ್ಮನಿಗೂ ಹೊಟ್ಟೆ ತುಂಬ ಸಿಗುತ್ತದೆ.

ಮೊದಲು ಒಂದು ಮಾತು. ದೇವಸ್ಥಾನದ ಎದುರಿನ ಸಾಲಿನಲ್ಲೇ ಊಟ ಮುಗಿಸಬೇಡಿ. ಅಲ್ಲಿ ಕೆಟ್ಟದ್ದು ಕೊಡುತ್ತಾರೆ ಅಂತಲ್ಲ. ಆ ಹೋಟೆಲ್‌ಗಳು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರಿಗೆ ಅಡುಗೆ ಮಾಡುತ್ತವೆ. ಗೋಬಿ ಮಂಚೂರಿ, ಫ್ರೈಡ್ ರೈಸ್, ಕರಿದ ಮೊಮೊ ಎಲ್ಲ ಒಂದೇ ಮೆನುವಿನಲ್ಲಿ ಇರುತ್ತದೆ. ಅಲ್ಲಿಂದ ಗಾಡಿ ತಿರುಗಿಸಿ ಟಿಬೆಟನ್ನರು ವಾಸಿಸುವ ಕ್ಯಾಂಪುಗಳ ಒಳಗೆ ಹೋಗಿ, ಸೆರಾ ಅನ್ನುವ ಬೌದ್ಧ ಮಠದ ಕಡೆಗೂ ಒಂದು ಸುತ್ತು ಹಾಕಿ. ಇಲ್ಲಿ ಹಳ್ಳಿ ಅನ್ನುವುದಿಲ್ಲ, ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಅಂತಲೇ ರೂಢಿ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕೈದು ಮೇಜು, ಗೋಡೆಗೆ ದಲೈ ಲಾಮಾ ಫೋಟೊ, ಒಳಗೆ ಊಟ ಮಾಡುತ್ತಿರುವ ಭಿಕ್ಷುಗಳು ಮತ್ತು ಶಾಲೆ ಬಿಟ್ಟು ಬಂದ ಮಕ್ಕಳು. ಅಂಥ ಕಡೆ ಕೂತುಕೊಳ್ಳಿ. ಹೋಟೆಲ್ ಹೆಸರು ಬೇಕಂತಲೇ ಕೊಡುತ್ತಿಲ್ಲ. ನಡೆಸುವವರು ಬದಲಾಗುತ್ತಾ ಇರುತ್ತಾರೆ, ಹಳೆ ಹೆಸರು ಹಿಡಿದು ಹೋದರೆ ಹಳೆ ಕೈರುಚಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ನನ್ನನ್ನು ಕೇಳಿದರೆ ತಿನ್ನಲೇಬೇಕಾದದ್ದು ಥೆಂತುಕ್. ತುಕ್ಪಾ ಎಲ್ಲರಿಗೂ ಗೊತ್ತು, ಅದರಲ್ಲಿ ಉದ್ದ ಶ್ಯಾವಿಗೆ ಇರುತ್ತದೆ. ಥೆಂತುಕ್‌ಗೆ ಹಿಟ್ಟನ್ನು ಕೈಯಲ್ಲೇ ಎಳೆದು ಹಾಕಬೇಕು. ಅಡುಗೆಮನೆ ಕಾಣುವ ಜಾಗದಲ್ಲಿ ಕೂತರೆ ಇದನ್ನು ನೋಡಬಹುದು: ನಾದಿದ ಗೋಧಿ ಹಿಟ್ಟನ್ನು ಪಟ್ಟಿಯ ಹಾಗೆ ಚಪ್ಪಟೆ ಮಾಡಿ, ಎಡಗೈ ಮಣಿಕಟ್ಟಿನ ಮೇಲೆ ಇಳಿಬಿಟ್ಟುಕೊಂಡು, ಬಲಗೈ ಹೆಬ್ಬೆರಳಿನಿಂದ ಚೂರು ಚೂರೇ ಕಿತ್ತು ಕುದಿಯುವ ಸಾರಿಗೆ ಎಸೆಯುತ್ತಾರೆ. ಕೈ ಪಳಗಿದವರಾದರೆ ಪಾತ್ರೆ ಕಡೆ ನೋಡುವುದೂ ಇಲ್ಲ, ಪಕ್ಕದವರ ಜೊತೆ ಮಾತಾಡುತ್ತಲೇ ಇರುತ್ತಾರೆ. ಚೂರುಗಳು ಒಂದೇ ಅಳತೆಗೆ ಇರುವುದಿಲ್ಲ, ಅಂಚು ತೆಳ್ಳಗೆ ಬೆಂದು ನಡುವೆ ಜಗಿಯುವ ಹಾಗಿರುತ್ತದೆ. ಮೂಲಂಗಿ, ಪಾಲಕ್, ಟೊಮೇಟೊ ಬಿದ್ದ ಆ ಸಾರನ್ನು ಜಡಿಮಳೆ ದಿನ ಕುಡಿದು ನೋಡಿ. ಅಮ್ಮನಿಗೆ ಹೇಳುವಾಗ ಬರೀ ವೆಜ್ ಅಂದರೆ ಸಾಲದು. ಸಾರು ಮೂಳೆಯಲ್ಲಿ ಕುದಿಸಿದ್ದೋ ತರಕಾರಿಯದ್ದೋ, ತುಕ್ಪಾ ಆದರೆ ಶ್ಯಾವಿಗೆಯಲ್ಲಿ ಮೊಟ್ಟೆ ಇದೆಯೋ ಅಂತ ಬಾಯಿಬಿಟ್ಟು ಕೇಳಿ. ನೇರವಾಗಿಯೇ ಹೇಳುತ್ತಾರೆ. ಎಷ್ಟೋ ಜನರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಪೂರ್ತಿ ಸಸ್ಯಾಹಾರಿ ಅಡುಗೆಯ ಜಾಗಗಳೂ ಕ್ಯಾಂಪಿನಲ್ಲಿವೆ. ಮೇ-ಜೂನ್ ಹೊತ್ತಿಗೆ ಬರುವ, ಬೌದ್ಧರಿಗೆ ಪವಿತ್ರವಾದ ಸಾಗಾ ದಾವಾ ತಿಂಗಳಲ್ಲಂತೂ ತುಂಬಾ ಟಿಬೆಟನ್ನರು ಮಾಂಸ ಬಿಡುತ್ತಾರೆ.

ಎರಡನೆಯದು ಟಿಂಗ್‌ಮೊ. ಹುದುಗು ಬರಿಸಿದ ಹಿಟ್ಟನ್ನು ಸುತ್ತಿ ಹಬೆಯಲ್ಲಿ ಬೇಯಿಸಿದ ಬ್ರೆಡ್ಡು. ಬೆರಳಲ್ಲಿ ಬಿಡಿಸಿದರೆ ಪದರ ಪದರವಾಗಿ ಬರುತ್ತದೆ. ಮಾಂಸ ತಿನ್ನುವವರು ಶಾಪ್ಟಾ ಅನ್ನುವ ಹುರಿದ ಮಾಂಸದ ಜೊತೆ ತಿನ್ನಲಿ, ಅಮ್ಮನಿಗೆ ಖಾರದ ಆಲೂಗಡ್ಡೆ ಪಲ್ಯ ಹೇಳಿ. ಮೇಜಿನ ಮೇಲೆ ಕೆಂಪು ಚಟ್ನಿ ಇರುತ್ತದೆ, ಅದು ಸೆಪೆನ್. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೆಲವರ ಕೈಯಲ್ಲಿ ಯೆರ್ಮಾ ಅನ್ನುವ ಕಾಳು ಕೂಡ. ನಾಲಿಗೆ ಜುಮ್ಮೆನ್ನಿಸುವ ಆ ಕಾಳು ನಮಗೆ ಹೊಸದೇನಲ್ಲ. ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ಜುಮ್ಮಿನಕಾಯಿ ಅದೇ ಕುಲದ್ದು. ಮೊದಲ ಸಲ ಸೆಪೆನ್ ತಿಂದಾಗ ಹೊರದೇಶದ ಊಟದ ಮುಂದೆ ಕೂತಿದ್ದೀನಿ ಅಂತ ನನಗೆ ಅನ್ನಿಸಲೇ ಇಲ್ಲ.

ಈ ಊಟ ಇಲ್ಲಿಗೆ ಹೇಗೆ ಬಂತು ಅನ್ನುವುದು ಗೊತ್ತಿದ್ದರೆ ತಟ್ಟೆ ಬೇರೆ ಥರ ಕಾಣುತ್ತದೆ, ಅದಕ್ಕೇ ಇದನ್ನೂ ಬರೆಯುತ್ತಿದ್ದೀನಿ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದ ಮೇಲೆ ಅವರ ಹಿಂದೆ ಸಾವಿರಾರು ಜನ ಬಂದರು. ಅವರಿಗೆ ನೆಲೆ ಒದಗಿಸಲು ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮೊದಲ ವಸತಿ 1961ರಲ್ಲಿ ಶುರುವಾಯಿತು, ಎರಡನೆಯದು 1969ರಲ್ಲಿ. ಬಂದಾಗ ಇದು ಕಾಡು. ಚಳಿನಾಡಿನ ಜನ ಗುಡಾರದಲ್ಲಿದ್ದುಕೊಂಡು ಬಿಸಿಲಲ್ಲಿ ಮರ ಕಡಿದು ಹೊಲ ಮಾಡಿದರು, ಆನೆ ಕಾಟ ಬೇರೆ. ಅವರ ದಿನದ ಊಟ ಹುರಿದ ಬಾರ್ಲಿಯ ಹಿಟ್ಟು, ತ್ಸಂಪಾ. ಈ ನೆಲಕ್ಕೆ ಒಗ್ಗಿದ್ದು ಮುಸುಕಿನ ಜೋಳ. ಯಾಕ್ ಬೆಣ್ಣೆಯ ಜಾಗಕ್ಕೆ ಹಸುವಿನ ಬೆಣ್ಣೆ ಬಂತು. ಈಗ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನಕ್ಕೆ ನಮ್ಮ ಹಾಗೇ ಅನ್ನ, ಬೇಳೆ. ಹಾಗಾಗಿ ಇದು ಅಪ್ಪಟ ಟಿಬೆಟಿನ ಊಟ ಹೌದೋ ಅಲ್ಲವೋ ಅಂತ ಅಳೆಯುವವರ ಮಾತು ನನಗೆ ಹಿಡಿಸುವುದಿಲ್ಲ. ಊರು ಕಳೆದುಕೊಂಡವರು ಸಿಕ್ಕ ಸಾಮಾನಿನಲ್ಲಿ ತಮ್ಮ ರುಚಿ ಉಳಿಸಿಕೊಂಡ ಅಡುಗೆ ಇದು. ನನಗೆ ಇದರ ಮೇಲೆ ತುಂಬಾ ಗೌರವ.

ಬೆಣ್ಣೆ ಟೀ ಸಿಕ್ಕರೆ ಕುಡಿಯಿರಿ. ಉಪ್ಪು ಹಾಕಿರುತ್ತಾರೆ, ಹಾಗಾಗಿ ಟೀ ಅಂದುಕೊಳ್ಳದೆ ಊಟದ ಕೊನೆಯ ಬಿಸಿ ತಿಳಿಸಾರು ಅಂದುಕೊಂಡು ಕುಡಿದರೆ ಹಿತವಾಗಿರುತ್ತದೆ. ಸಂಜೆ ಹೊತ್ತು ಲಾಫಿಂಗ್ ಅನ್ನುವ ತಿಂಡಿ ಮಾರುವ ಅಂಗಡಿ ಹುಡುಕಿ. ಬಿಳಿಯದನ್ನು ಹೆಸರುಕಾಳಿನ ಪಿಷ್ಟದಿಂದ ಮಾಡುತ್ತಾರೆ, ಹಳದಿಯದು ಗೋಧಿ ಹಿಟ್ಟಿನದು. ತಣ್ಣಗಿನ ಆ ಹಾಳೆಗೆ ಬೆಳ್ಳುಳ್ಳಿ ನೀರು, ವಿನೆಗರ್, ಸೋಯಾ ಸಾಸ್, ಮೆಣಸಿನ ಎಣ್ಣೆ ಸವರಿ ಸುರುಳಿ ಸುತ್ತಿ ಕತ್ತರಿಸಿ ಕೊಡುತ್ತಾರೆ. ಕಾಲೇಜು ಮಕ್ಕಳೇ ಹೆಚ್ಚು. ಖಾರ ಕಮ್ಮಿ ಅಂತ ಮೊದಲೇ ಹೇಳಿ.

ಇನ್ನು ನಮ್ಮ ಪೇಟೆ. ಬೈಲಕುಪ್ಪೆ ಮೈಸೂರು ಜಿಲ್ಲೆಗೆ ಸೇರಿದ್ದು, ಕಾವೇರಿ ದಾಟಿದರೆ ಕೊಡಗಿನ ಕುಶಾಲನಗರ. ಇಲ್ಲಿ ತಲೆಮಾರುಗಳಿಂದ ಮಲಬಾರಿನಿಂದ ಬಂದ ವ್ಯಾಪಾರಿಗಳಿದ್ದಾರೆ. ಬೆಳಗ್ಗೆ ಪುಟ್ಟು-ಕಡಲೆ ಕರಿ ಸಿಗುವ ಹೋಟೆಲಿಗೆ ಅಮ್ಮನನ್ನು ಕರೆದುಕೊಂಡು ಹೋಗಿ. ಅಕ್ಕಿ ಹಿಟ್ಟು, ತೆಂಗಿನತುರಿ, ಕಡಲೆಕಾಳು, ಇಷ್ಟೇ. ಸಂಜೆ ಬಾಳೆಹಣ್ಣು ಕರಿದು ಮಾಡುವ ಪಳಂಪೊರಿ, ಹಾಲಿಲ್ಲದ ಸುಲೈಮಾನಿ ಟೀ. ಮಾಂಸ ತಿನ್ನುವವರು ಕೊಡಗಿನ ಪಂದಿ ಕರಿ, ಕಡಂಬುಟ್ಟು ಹುಡುಕದೇ ಇರುವುದಿಲ್ಲ, ಅದರ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ತುಂಬಾ ಜನ ಬಂದಿದ್ದಾರೆ. ಅವರದ್ದು ಅಂತ ಬೋರ್ಡು ಹಾಕಿದ ಹೋಟೆಲ್ ನಾನು ಕಂಡಿಲ್ಲ, ಆದರೆ ದಿನಸಿ ಅಂಗಡಿಯಲ್ಲಿ ಸಾಸಿವೆ ಎಣ್ಣೆ ಬಾಟಲಿ ಮುಂದಿನ ಸಾಲಿಗೆ ಬಂದಿದೆ. ಒಂದು ದಿನ ಹೋಟೆಲ್ಲೂ ಬರುತ್ತದೆ, ನಾನು ಕಾಯುತ್ತಿದ್ದೀನಿ.

ಯಾವಾಗ ಬರುತ್ತೀರಿ ಅನ್ನುವುದು ಮುಖ್ಯ. ಚಳಿಗಾಲದಲ್ಲಿ ಕ್ಯಾಂಪಿನ ಎಷ್ಟೋ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರುಗಳಿಗೆ ಹೋಗುತ್ತವೆ, ಆಗ ಮನೆ ಮುಂದಿನ ಸಣ್ಣ ಹೋಟೆಲ್‌ಗಳಿಗೆ ಬೀಗ. ಫೆಬ್ರವರಿ-ಮಾರ್ಚಿನಲ್ಲಿ ಬರುವ ಲೋಸಾರ್ ಅವರ ಹೊಸ ವರ್ಷ. ಆ ಮೊದಲ ಮೂರು ದಿನ ಊಟ ಸಿಗುವುದು ಕಷ್ಟ, ಆದರೆ ಯಾರಾದರೂ ಪರಿಚಯದವರಿದ್ದರೆ ಖಾಪ್ಸೆ ಅನ್ನುವ ಕರಿದ ತಿಂಡಿಯ ತಟ್ಟೆ ಮುಂದೆ ಬರುತ್ತದೆ. ಅದಕ್ಕಿಂತ ದೊಡ್ಡ ಬದಲಾವಣೆ ಬೇರೆ ಇದೆ. ಇಲ್ಲಿ ಹುಟ್ಟಿದ ಹುಡುಗ ಹುಡುಗಿಯರು ಕೆನಡಾ, ಅಮೆರಿಕ, ಯುರೋಪ್ ಅಂತ ಹೋಗುತ್ತಿದ್ದಾರೆ. ನಾನು ಹೋಗುವ ಒಂದು ಹೋಟೆಲಿನಲ್ಲಿ ಈಗ ಮೊಮೊ ಮಡಚುವವರು ಪಿರಿಯಾಪಟ್ಟಣ ಕಡೆಯ ಇಬ್ಬರು ಅಕ್ಕಂದಿರು. ಮಡಿಕೆ ಒಂದೂ ತಪ್ಪುವುದಿಲ್ಲ. ಮಾಲೀಕರಾದ ಅಜ್ಜಿ ಪಕ್ಕದಲ್ಲಿ ಕೂತು ಜಪಮಣಿ ಎಣಿಸುತ್ತಾ ಹಿಟ್ಟಿನ ಹದ ಮಾತ್ರ ತಾವೇ ಮುಟ್ಟಿ ನೋಡುತ್ತಾರೆ.

ಸಣ್ಣ ಹೋಟೆಲ್‌ಗಳು ರಾತ್ರಿ ಬೇಗ ಮುಚ್ಚುತ್ತವೆ, ಎಂಟರೊಳಗೆ ಊಟಕ್ಕೆ ಕೂತುಬಿಡಿ. ಥೆಂತುಕ್ ಹೇಳಿದ ಮೇಲೆ ಸ್ವಲ್ಪ ಕಾಯಬೇಕು, ಅವಸರ ಮಾಡಬೇಡಿ. ಬರುವ ತಿಂಗಳು ಯಾವುದು ಅಂತ ಕಾಮೆಂಟಿನಲ್ಲಿ ತಿಳಿಸಿದರೆ ಆಗ ಯಾವ ಕ್ಯಾಂಪಿನಲ್ಲಿ ಏನು ತೆರೆದಿದೆ ಅಂತ ವಿಚಾರಿಸಿ ಹೇಳುತ್ತೇನೆ.