ಓದುಗರ ಪ್ರಶ್ನೆ: ಸ್ಯಾನಿಟೈಸರ್ ಬಲೆಗೆ ಮಿತ್ರಕೀಟವೂ ಬಿದ್ದರೆ?

ಪ್ರಶ್ನೆ: ಇರುವುದು ಪುಣೆಯಲ್ಲಿ, ಇಂದಾಪುರದ ಹತ್ತಿರ ಸ್ವಲ್ಪ ದಾಳಿಂಬೆ ಇದೆ. ಕಾಂಡದ ಬುಡದಲ್ಲಿ ಸೂಜಿಮೊನೆಯಷ್ಟು ತೂತುಗಳು, ಬಿಳಿ ಹುಡಿ. ಸ್ಯಾನಿಟೈಸರ್ ಇಟ್ಟು ಬಾಟಲಿ ಬಲೆ ಕಟ್ಟಿದ್ದೇವೆ. ಕಪ್ಪು ಹುಳ ಬಿದ್ದದ್ದು ಕಡಿಮೆ. ಉದ್ದನೆಯ, ಪಟ್ಟೆಯಿರುವ, ಚುರುಕಾಗಿ ಓಡುವ ದುಂಬಿಗಳೂ ಸಿಕ್ಕಿವೆ. ಬಲೆ ಹೆಚ್ಚಿಸಬೇಕೇ?

ಉತ್ತರ: ಬೇಡ. ತೂತು ಶಾಟ್ ಹೋಲ್ ಬೋರರ್ ಎಂಬ ಕೊರಕ ದುಂಬಿಯದು. ತೊಗಟೆ ಕೊರಕಗಳ ಬಳಗದ್ದೇ ಆದರೂ ಇದು ತೊಗಟೆಯಲ್ಲಿ ನಿಲ್ಲುವುದಿಲ್ಲ, ಕಟ್ಟಿಗೆಯೊಳಗೆ ಸುರಂಗ ಕೊರೆದು ಅಲ್ಲಿ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಹೆಣ್ಣಿನ ಉದ್ದ 2ರಿಂದ 2.5 ಮಿ.ಮೀ. ಗಂಡಿಗೆ ಹಾರಲು ಬಾರದು. ಬಲೆಗೆ ಬೀಳುವುದೆಲ್ಲ ಹೆಣ್ಣೇ.

ಬುಡದಲ್ಲಿ ನೀರು ನಿಂತು ಬೇರಿಗೆ ಉಸಿರುಕಟ್ಟಿದಾಗ ಗಿಡದಲ್ಲಿ ಎಥನಾಲ್ (ಸ್ಯಾನಿಟೈಸರ್‌ನಲ್ಲಿರುವ ಈಥೈಲ್ ಆಲ್ಕೋಹಾಲೇ) ಹುಟ್ಟುತ್ತದೆ. ಹಲವು ಜಾತಿಯ ಬೋರರ್‌ಗಳು ಸೋತ ಗಿಡವನ್ನು ಪತ್ತೆಹಚ್ಚುವುದು ಆ ವಾಸನೆಯಿಂದಲೇ. ಆದರೆ ದಾಳಿಂಬೆಯ ಮುಖ್ಯ ಶತ್ರು ಯುವಾಲೇಸಿಯಾ ಫಾರ್ನಿಕೇಟಸ್ (ಹಳೆಯ ಪುಸ್ತಕಗಳಲ್ಲಿ ಕ್ಸೈಲೆಬೋರಸ್) ಎಥನಾಲ್‌ಗೆ ಅಷ್ಟಾಗಿ ಬರುವುದಿಲ್ಲ; ಅದನ್ನು ಸೆಳೆಯುವುದು ಕ್ವೆರ್ಸಿವೊರಾಲ್ ಎಂಬ ರಾಸಾಯನಿಕ. ಹಾಗಾಗಿ ಬಲೆ ಖಾಲಿ ಇದೆಯೆಂದು ನಿಶ್ಚಿಂತರಾಗಬೇಡಿ. ಕಾಂಡದ ಹುಡಿಯನ್ನೇ ನಂಬಿ.

ಪಟ್ಟೆಯ ದುಂಬಿ ನಿಮ್ಮ ವಿವರಣೆಯಂತೆ ಕ್ಲೆರಿಡ್ ಎಂಬ ಬೇಟೆಗಾರ ದುಂಬಿಗಳ ಕುಟುಂಬದ್ದಿರಬೇಕು. ಮೈಮೇಲೆ ಕೂದಲಿದ್ದು ಮೀಸೆಯ ತುದಿ ದಪ್ಪಗಿದ್ದರೆ ಬಹುಮಟ್ಟಿಗೆ ಖಚಿತ. ದೊಡ್ಡದೂ ಮರಿಯೂ ಕೊರಕಗಳನ್ನು ತಿನ್ನುತ್ತವೆ. ಕೊರಕ ತನ್ನವರನ್ನು ಕರೆಯಲು ಬಿಟ್ಟ ವಾಸನೆಯ (ಫೆರೊಮೋನ್) ಜಾಡು ಹಿಡಿದೇ ಇವು ಬರುತ್ತವೆ. ಯುರೋಪಿನ ಥನಾಸಿಮಸ್ ಫಾರ್ಮಿಕೇರಿಯಸ್ ಕೊರಕದ ಫೆರೊಮೋನ್‌ಗೆ ಮಾತ್ರವಲ್ಲ, ಎಥನಾಲ್ ಮತ್ತು ಪೈನ್ ರಾಳದ ಆಲ್ಫಾ-ಪೈನೀನ್‌ಗೂ ಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಪೈನ್ ಕಾಡುಗಳಲ್ಲಿ ಇನ್ನೂ ಸೂಕ್ಷ್ಮ ಆಟವಿದೆ. ಇಪ್ಸ್ ಪಿನಿ ಎಂಬ ಕೊರಕದ ಫೆರೊಮೋನ್ ಇಪ್ಸ್‌ಡೈನಾಲ್‌ಗೆ ಎಡಗೈ-ಬಲಗೈಯಂಥ ಎರಡು ರೂಪ. ಎರಡರ ಯಾವ ಪ್ರಮಾಣದ ಮಿಶ್ರಣಕ್ಕೆ ಕೊರಕ ಹೆಚ್ಚು ಸೇರುತ್ತದೋ ಅದೇ ಬೇಟೆಗಾರನಿಗೆ ಹೆಚ್ಚು ಪ್ರಿಯವಲ್ಲ. ಜೊತೆಗೆ ಲಾನಿಯರೋನ್ ಎಂಬ ಇನ್ನೊಂದು ರಾಸಾಯನಿಕ ಬೆರೆತರೆ ಕೊರಕಗಳು ಮುತ್ತುತ್ತವೆ, ಬೇಟೆಗಾರರಿಗೆ ಅದರ ಪರಿವೆಯೇ ಇಲ್ಲ. ಮಿತ್ರನನ್ನು ಬಿಟ್ಟು ಶತ್ರುವನ್ನಷ್ಟೇ ಕರೆಯುವ ಲೂರ್ (ವಾಸನೆಯ ಆಮಿಷ) ಸಾಧ್ಯವೆಂಬ ಆಸೆ ಹುಟ್ಟುವುದು ಇಲ್ಲಿಂದ. ದಾಳಿಂಬೆಗೆ ಎಥನಾಲ್ ಬಲೆಯಲ್ಲಿ ಆ ಸೌಲಭ್ಯವಿಲ್ಲ.

ಆದ್ದರಿಂದ ಬಲೆ ಕಾವಲಿಗಷ್ಟೇ ಸಾಕು. ಎರಡು-ಮೂರು, ಅದೂ ಬೇಲಿಯಂಚಿನ ಗೂಟಕ್ಕೆ, ಮೊಣಕಾಲಿನಿಂದ ಸೊಂಟದೆತ್ತರದಲ್ಲಿ. ಗಿಡಕ್ಕೇ ಕಟ್ಟಿದರೆ ವಾಸನೆಗೆ ಬಂದ ಹೆಣ್ಣು ಪಕ್ಕದ ಕಾಂಡವನ್ನೇ ಕೊರೆಯುತ್ತದೆ. 1 ಲೀಟರ್ ಬಾಟಲಿಯ ಬದಿಯಲ್ಲಿ ಎರಡು ಕಿಟಕಿ ಕೊಯ್ದು ತಲೆಕೆಳಗಾಗಿ ನೇತುಹಾಕಿ. ಮುಚ್ಚಳದ ಕಡೆ ಸೋಪಿನ ನೀರು, ಮೇಲೆ ಸಣ್ಣ ಸೀಸೆಯಲ್ಲಿ ಸ್ಯಾನಿಟೈಸರ್. ಲೇಬಲ್‌ನಲ್ಲಿ ಈಥೈಲ್ ಆಲ್ಕೋಹಾಲ್ ಇರಲಿ, ಐಸೊಪ್ರೊಪೈಲ್ ಬೇಡ. ವಾರಕ್ಕೊಮ್ಮೆ ಬದಲಿಸಿ. ಕಿಟಕಿಗೆ 2 ಮಿ.ಮೀ. ಕಣ್ಣಿನ ಜಾಲರಿ ಬಿಗಿದರೆ ದೊಡ್ಡ ಕ್ಲೆರಿಡ್ ಹೊರಗುಳಿಯುತ್ತದೆ, ಬೋರರ್ ತೂರಬಲ್ಲದು. ಎಣಿಕೆ ಸ್ವಲ್ಪ ಇಳಿಯಬಹುದು. ತೂತು ತುಂಬಿದ ಟೊಂಗೆ ಕಡಿದು ಸುಡಿ, ನೀರು ನಿಲ್ಲುವ ಬುಡಕ್ಕೆ ಬಸಿಗಾಲುವೆ ಮಾಡಿ, ಡ್ರಿಪ್ ತಗ್ಗಿಸಿ. ಕಾಂಡಕ್ಕೆ ಬಳಿಯುವ ಗೇರು (ಕೆಮ್ಮಣ್ಣು) ಲೇಪದ ಪ್ರಮಾಣಕ್ಕೆ ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಇತ್ತೀಚಿನ ಸಲಹೆ ನೋಡಿ.

ಪ್ರಶ್ನೆ: ಗೋವಾದ ಫೋಂಡಾದಲ್ಲಿ ತೆಂಗಿನ ತೋಟ. ಕೆಂಪುಮೂತಿ ಹುಳಕ್ಕೆ ಲೂರ್ ಹಾಕಿದರೂ ಬಕೆಟ್ ಖಾಲಿ. ಯಾಕೆ?

ಉತ್ತರ: ಲೂರ್ ಒಂದೇ ಸಾಲದು. ಬಾಳೆಹಣ್ಣು ಅಥವಾ ಕಬ್ಬಿನ ತುಂಡು, ಸ್ವಲ್ಪ ಯೀಸ್ಟ್, ನೀರು ಜೊತೆಗಿರಬೇಕು. ಹುಳಿಯುವ ವಾಸನೆ ಸೇರಿದಾಗ ಹುಳ ಹೆಚ್ಚು ಬೀಳುತ್ತದೆ. ನೀರು ಒಣಗಿದರೆ ಬಕೆಟ್ಟಿನಿಂದ ಹಾರಿಹೋಗುತ್ತದೆ. ಕುರುವಾಯಿಯ ಲೂರ್ ತಂದಿದ್ದೀರೋ ನೋಡಿ: ಅದು ಬೇರೆಯೇ ರಾಸಾಯನಿಕ, ಕೆಂಪುಮೂತಿ ಅದಕ್ಕೆ ಬಾರದು. ಎಳೆಯ ತೆಂಗಿಗೆ ಬಕೆಟ್ ಕಟ್ಟಲೇಬೇಡಿ.